ಮೈದುನನಿಗೆ ನಾನೇ ಲಸಿಕೆ ಹಾಕಿಸಿದೆ, ತಪ್ಪಾಯಿತೇ?

ಪ್ರಶ್ನೆ: ಡಾಕ್ಟರೇ, ನಾನು ಅರಸೀಕೆರೆ ಸಮೀಪದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 52. 2021ರಲ್ಲಿ ನಮ್ಮ ಮನೆಯವರೆಲ್ಲ ಕೋವಿಶೀಲ್ಡ್ ಹಾಕಿಸಿಕೊಂಡೆವು. ಮೈದುನ ಮಾತ್ರ ಬೇಡವೆಂದು ಹಟ ಹಿಡಿದಿದ್ದ. ನಾನೇ ಬೈದು, ಒಪ್ಪಿಸಿ, ಜುಲೈನಲ್ಲಿ ಲಸಿಕಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. 2025ರ ಜೂನ್‌ನಲ್ಲಿ, 46ನೆಯ ವಯಸ್ಸಿನಲ್ಲಿ, ಅವನು ಹೃದಯಾಘಾತದಿಂದ ತೀರಿಕೊಂಡ. ಲಾರಿ ಚಾಲಕನಾಗಿದ್ದ. ಬೀಡಿ ಸೇದುತ್ತಿದ್ದ, ಸ್ವಲ್ಪ ಸಕ್ಕರೆ ಇತ್ತು ಎನ್ನುತ್ತಾರೆ. ಈಗ ಓರಗಿತ್ತಿ ಬಾಯಿ ಬಿಟ್ಟು ಏನೂ ಹೇಳದಿದ್ದರೂ ಅವಳ ಮುಖ ನೋಡಲು ನನಗೆ ಆಗುತ್ತಿಲ್ಲ. ಬೆಂಗಳೂರಿನಲ್ಲಿರುವ ಮಗ (29) ಎದೆ ಚುಚ್ಚುತ್ತದೆ ಎಂದು ಜಿಮ್‌ಗೆ ಹೋಗುವುದನ್ನು ಬಿಟ್ಟಿದ್ದಾನೆ. ಡಿ-ಡೈಮರ್ ಪರೀಕ್ಷೆ ಮಾಡಿಸಿ, ಆಸ್ಪಿರಿನ್ ನುಂಗಲು ಶುರುಮಾಡಿದ್ದಾನೆ. ಮಾವನವರಿಗೆ 78, ಸಕ್ಕರೆ ಕಾಯಿಲೆ ಇದೆ, ಮೂರು ಡೋಸ್ ಆಗಿದೆ. ಅವರಿಗೆ ಇನ್ನೊಂದು ಬೇಕೇ? ಲಸಿಕೆಯಿಂದ ಲಾಭ ಹೆಚ್ಚೋ ಅಪಾಯ ಹೆಚ್ಚೋ, ಮುಚ್ಚುಮರೆಯಿಲ್ಲದೆ ಹೇಳಿ. (ಪತ್ರವನ್ನು ಸಂಕ್ಷೇಪಿಸಲಾಗಿದೆ.)

ಉತ್ತರ: ತಾಯಿ, ನಿಮ್ಮ ಪೂರ್ತಿ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಲಸಿಕೆಗೆ ಎರಡು ಪುಟ ಕೊಟ್ಟಿದ್ದೀರಿ, ಬೀಡಿಗೆ ಅರ್ಧ ಸಾಲು. ಇದು ನಿಮ್ಮ ತಪ್ಪಲ್ಲ. ನಮ್ಮ ಹೊರರೋಗಿ ವಿಭಾಗಕ್ಕೆ ಬರುವವರೂ ಹೀಗೆಯೇ ಮಾತನಾಡುತ್ತಾರೆ. ಇಪ್ಪತ್ತು ವರ್ಷದಿಂದ ದಿನವೂ ಮನೆಯಲ್ಲೇ ಇರುವ ಅಪಾಯದ ಮುಖ ಮರೆತುಹೋಗಿರುತ್ತದೆ. ಒಂದೇ ಒಂದು ದಿನ ತೋಳಿಗೆ ಚುಚ್ಚಿದ ಸೂಜಿ ಮಾತ್ರ ನೆನಪಿನಲ್ಲಿ ಕುಳಿತಿರುತ್ತದೆ.

ನಿಮಗೆ ನಿದ್ದೆ ಬಾರದಂತೆ ಮಾಡಿರುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ಮೈದುನರ ಸಾವಿಗೂ ನೀವು ಹಾಕಿಸಿದ ಲಸಿಕೆಗೂ ಸಂಬಂಧವಿದೆ ಎನ್ನಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಸಮಾಧಾನಕ್ಕಾಗಿ ಆಡುತ್ತಿರುವ ಮಾತಲ್ಲ ಇದು. ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತೊಂದರೆಗೆ ತನ್ನದೇ ಆದ ಗುರುತುಗಳಿವೆ, ತನ್ನದೇ ಆದ ಅವಧಿಯಿದೆ. ಅವು ಯಾವುವೂ ನಿಮ್ಮ ಮೈದುನರ ವಿಷಯಕ್ಕೆ ಹೊಂದುವುದಿಲ್ಲ.

ಕೋವಿಶೀಲ್ಡ್ ಎಂದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ಕಂಪನಿ ರೂಪಿಸಿದ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಲಸಿಕೆ. ಚಿಂಪಾಂಜಿಗಳಿಗೆ ನೆಗಡಿ ತರುವ ಒಂದು ಅಡಿನೊವೈರಸ್ಸನ್ನು ದೇಹದೊಳಗೆ ವೃದ್ಧಿಯಾಗದಂತೆ ಮಾಡಿ, ಅದರ ಬೆನ್ನ ಮೇಲೆ ಕೊರೊನಾದ ಮುಳ್ಳಿನ ಪ್ರೊಟೀನಿನ ಸೂತ್ರವನ್ನು ಹೊರಿಸಿ ಕಳುಹಿಸುತ್ತಾರೆ. ಬಹಳ ಅಪರೂಪಕ್ಕೆ, ಈ ಲಸಿಕೆ ಪಡೆದ ಕೆಲವರ ದೇಹವು ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಒಂದು ಪ್ರೊಟೀನಿನ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸಿಬಿಡುತ್ತದೆ. ಆಗ ವಿಚಿತ್ರವಾದ ಸ್ಥಿತಿ ಉಂಟಾಗುತ್ತದೆ: ಒಂದು ಕಡೆ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯುತ್ತದೆ, ಇನ್ನೊಂದು ಕಡೆ ಮಿದುಳಿನ ಅಥವಾ ಹೊಟ್ಟೆಯ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ. ವೈದ್ಯರು ಇದನ್ನು ಟಿಟಿಎಸ್ ಎಂದು ಕರೆಯುತ್ತಾರೆ. ಇದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಡೋಸ್‌ನ ನಂತರ, ಸಾಮಾನ್ಯವಾಗಿ ನಾಲ್ಕನೆಯ ದಿನದಿಂದ ನಾಲ್ಕು ವಾರಗಳೊಳಗೆ, ಎಲ್ಲೋ ಕೆಲವರಲ್ಲಿ ಆರು ವಾರಗಳೊಳಗೆ. ಬಿಡದ ತಲೆನೋವು, ಮಬ್ಬಾಗುವ ದೃಷ್ಟಿ, ಉಸಿರಾಟದ ತೊಂದರೆ, ತಡೆಯಲಾಗದ ಹೊಟ್ಟೆನೋವು, ಕಾಲಿನ ಊತ, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಇದರ ಲಕ್ಷಣಗಳು. ನಿಮ್ಮ ಮೈದುನರು ಲಸಿಕೆ ಪಡೆದು ನಾಲ್ಕು ವರ್ಷ ಲಾರಿ ಓಡಿಸಿದ್ದಾರೆ. ಅಷ್ಟು ಕಾಲ ಹೊಂಚು ಹಾಕಿ ಕುಳಿತು ಎರಗುವುದು ಈ ಕಾಯಿಲೆಯ ಸ್ವಭಾವವಲ್ಲ.

2024ರ ಏಪ್ರಿಲ್ ಕೊನೆಯಲ್ಲಿ ‘ಕಂಪನಿಯೇ ಒಪ್ಪಿಕೊಂಡಿತು’ ಎಂಬ ಸುದ್ದಿ ನಮ್ಮ ಮೊಬೈಲುಗಳಲ್ಲಿ ಹರಿದಾಡಿದ್ದು ನಿಮಗೆ ನೆನಪಿರಬಹುದು. ಬ್ರಿಟನ್ನಿನ ನ್ಯಾಯಾಲಯದಲ್ಲಿ ಆಸ್ಟ್ರಾಜೆನೆಕಾ, ತನ್ನ ಲಸಿಕೆ ಅತ್ಯಂತ ಅಪರೂಪಕ್ಕೆ ಟಿಟಿಎಸ್‌ಗೆ ಕಾರಣವಾಗಬಹುದು ಎಂದು ಹೇಳಿದ್ದು ನಿಜ. ಆದರೆ ವೈದ್ಯಲೋಕಕ್ಕೆ ಅದು ಹೊಸ ಸುದ್ದಿಯಾಗಿರಲಿಲ್ಲ. ಮೂರು ವರ್ಷ ಮೊದಲೇ, 2021ರ ಏಪ್ರಿಲ್‌ನಲ್ಲಿ, ಯುರೋಪಿನ ಔಷಧ ನಿಯಂತ್ರಕರು ಇದನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿದ್ದರು. ಅದೇ ವರ್ಷದ ಮೇ 17ರಂದು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಲೆಕ್ಕ ಕೊಟ್ಟಿತ್ತು. ಗಂಭೀರ ತೊಂದರೆಯ 498 ಪ್ರಕರಣಗಳನ್ನು ಪರಿಶೀಲಿಸಿದಾಗ ಹೆಪ್ಪುಗಟ್ಟುವಿಕೆ ಇರಬಹುದಾದ 26 ಪ್ರಕರಣಗಳು ಕಂಡವು. ಹತ್ತು ಲಕ್ಷ ಡೋಸ್‌ಗೆ 0.61ರಂತೆ. ಬ್ರಿಟನ್ನಿನಲ್ಲಿ ಆಗ ಹತ್ತು ಲಕ್ಷಕ್ಕೆ 4, ಜರ್ಮನಿಯಲ್ಲಿ 10 ಎಂದು ಅದೇ ಹೇಳಿಕೆಯಲ್ಲಿತ್ತು. ನಮ್ಮ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಈ ತೊಂದರೆ ಕಡಿಮೆ ಎಂಬುದರಲ್ಲಿ ಹುರುಳಿರಬಹುದು. ಆದರೆ 2021ರ ಮೇ ತಿಂಗಳಲ್ಲಿ ತಲೆನೋವೆಂದು ಬಂದವರಿಗೆ ಮಿದುಳಿನ ರಕ್ತನಾಳದ ಸ್ಕ್ಯಾನ್ ಮಾಡಿಸುವಷ್ಟು ವ್ಯವಧಾನ ನಮ್ಮ ಎಷ್ಟು ಆಸ್ಪತ್ರೆಗಳಿಗಿತ್ತು? ನಮ್ಮ ಸಂಖ್ಯೆ ಹತ್ತು ಪಟ್ಟು ಹೆಚ್ಚಿತ್ತೆಂದೇ ಇಟ್ಟುಕೊಂಡರೂ ಲಕ್ಷ ಡೋಸ್‌ಗೆ ಒಂದನ್ನು ಮುಟ್ಟುವುದಿಲ್ಲ.

ಇನ್ನು ಹಾಸನದ ವಿಷಯ. ನಿಮ್ಮ ಜಿಲ್ಲೆಯಲ್ಲಿ 2025ರ ಮೇ, ಜೂನ್ ತಿಂಗಳುಗಳಲ್ಲಿ ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ವರದಿಗಳು ದಿನಕ್ಕೊಂದರಂತೆ ಬಂದವು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂಬ ಅರ್ಥದ ಮಾತಾಡಿದರು. ಮರುದಿನ ಕೇಂದ್ರ ಸರ್ಕಾರ ಸಂಬಂಧವಿಲ್ಲ ಎಂದಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿಯೇ ಇರಲಿಲ್ಲ. ರಸ್ತೆ ಅಪಘಾತದ ಸಾವೊಂದೂ ಆ ಪಟ್ಟಿಯೊಳಗೆ ನುಸುಳಿತ್ತು! ಉಳಿದವರಲ್ಲಿ ಹಲವರಿಗೆ ಹಳೆಯ ಹೃದ್ರೋಗ, ಸಕ್ಕರೆ, ರಕ್ತದೊತ್ತಡ, ಧೂಮಪಾನ ಹೀಗೆ ಒಂದಲ್ಲ ಒಂದು ಕಾರಣವಿತ್ತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಗಮನಿಸುವಷ್ಟು ಸಂಖ್ಯೆಯಲ್ಲಿದ್ದರು. ಲಾರಿ ಓಡಿಸುವವರ ದಿನಚರಿಯೂ ಅದೇ ಅಲ್ಲವೇ? ರಾತ್ರಿ ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟ, ಮೂಗಿಗೆ ಹೊಗೆ, ಕೈಯಲ್ಲಿ ಬೀಡಿ.

ಜಯದೇವದಲ್ಲಿಯೇ ಆ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ಚಿಕಿತ್ಸೆಗೆ ಬಂದ, 45 ಮೀರದ 251 ಹೃದ್ರೋಗಿಗಳನ್ನು ನೋಡಿದಾಗ 111 ಮಂದಿ ಧೂಮಪಾನಿಗಳು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಸಕ್ಕರೆ ಕಾಯಿಲೆ. ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ನಂಟು ಕಾಣಲಿಲ್ಲ ಎಂದು ಸಮಿತಿ ಹೇಳಿತು.

‘ಆದರೆ ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ’ ಎಂದು ನೀವು ಬರೆದಿದ್ದೀರಿ. ಹಾಸನದಲ್ಲಿ ಸತ್ತವರಲ್ಲಿ ಎಷ್ಟು ಮಂದಿ ರಾಗಿಮುದ್ದೆ ತಿಂದಿದ್ದರು ಎಂದು ವಿಚಾರಿಸಿ ನೋಡಿ. ಬಹುಶಃ ಎಲ್ಲರೂ. ಊರಿನಲ್ಲಿ ಬಹುಪಾಲು ವಯಸ್ಕರೆಲ್ಲ ಒಂದು ಕೆಲಸ ಮಾಡಿರುವಾಗ, ಸತ್ತವರಲ್ಲೂ ಬಹುಪಾಲು ಅದನ್ನು ಮಾಡಿದವರೇ ಇರುತ್ತಾರೆ. ಮಹಾಮಾರಿಗೆ ಮುಂಚೆಯೂ ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಸಾವುಗಳು ದಾಖಲಾಗುತ್ತಿದ್ದವು, ಅಂದರೆ ದಿನಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು. ಅಂಥ ಸಾವುಗಳಲ್ಲಿ ಬಹುಪಾಲು ಈಗ ‘ಲಸಿಕೆಯ ನಂತರದ ಸಾವು’. ಸತ್ತವರನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ವಯಸ್ಸಿನ, ಅದೇ ಬೀದಿಯ, ಬದುಕಿರುವವರ ಜೊತೆ ಹೋಲಿಸಬೇಕು.

ಹಾಗೆ ಹೋಲಿಸಿದ ಅಧ್ಯಯನವೊಂದು ನಮ್ಮಲ್ಲಿಯೇ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳ ಮೂಲಕ, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಕಾರಣ ತಿಳಿಯದೆ ದಿಢೀರನೆ ಸತ್ತ 18ರಿಂದ 45ರ ವಯೋಮಾನದ 729 ಮಂದಿಯನ್ನು, ಅವರದೇ ನೆರೆಹೊರೆಯ 2,916 ಮಂದಿಯ ಜೊತೆ ಹೋಲಿಸಿತು. ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದವರಲ್ಲಿ ಅಪಾಯ ಐದು ಪಟ್ಟು ಹೆಚ್ಚು ಕಂಡಿತು. ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ ಸುಮಾರು ನಾಲ್ಕು ಪಟ್ಟು, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ ಎರಡೂವರೆ ಪಟ್ಟು. ಎರಡು ಡೋಸ್ ಪಡೆದವರಲ್ಲಿ ಅಪಾಯ ಹೆಚ್ಚಾಗಿರಲಿಲ್ಲ. ಸುಮಾರು ಅರ್ಧಕ್ಕೆ ಇಳಿದಿತ್ತು. ಇದನ್ನು ‘ಲಸಿಕೆ ಹೃದಯವನ್ನು ಕಾಪಾಡುತ್ತದೆ’ ಎಂದು ಓದಬೇಡಿ. ಎರಡೂ ಡೋಸ್ ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಕಾಳಜಿ ಹೆಚ್ಚಿರುವವರೂ ಹೌದು. ಆ ಲಾಭವೂ ಇದರೊಳಗೆ ಬೆರೆತಿರುತ್ತದೆ. ಆದರೆ ಲಸಿಕೆ ಯುವಕರನ್ನು ಸಾಲುಸಾಲಾಗಿ ಬೀಳಿಸುತ್ತಿದ್ದರೆ ಇಂಥ ಅಧ್ಯಯನದಲ್ಲಿ ಅದು ಅಡಗಿ ಕೂರಲು ಸಾಧ್ಯವಿರಲಿಲ್ಲ.

ಹೋಲಿಕೆಯಿಲ್ಲದ ಅಧ್ಯಯನ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೂ ಉದಾಹರಣೆಯಿದೆ. ಕೊವ್ಯಾಕ್ಸಿನ್ ಪಡೆದ 926 ಮಂದಿಯಲ್ಲಿ ಮೂರನೆಯ ಒಂದು ಭಾಗಕ್ಕೆ ತೊಂದರೆ ಎಂದು 2024ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಅಧ್ಯಯನವೊಂದು ಸುದ್ದಿಯಾಯಿತು. ಲಸಿಕೆ ಪಡೆಯದವರ ಗುಂಪೇ ಅದರಲ್ಲಿರಲಿಲ್ಲ. ವರ್ಷವಿಡೀ ನೆಗಡಿ, ಮುಟ್ಟಿನ ಏರುಪೇರು, ಮೈಕೈ ನೋವು ಯಾರಿಗೆ ಬರುವುದಿಲ್ಲ? ಕೆಲವು ತಿಂಗಳಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಹಿಂತೆಗೆದ ಸುದ್ದಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂತೇ? ನಮ್ಮ ಗುಂಪಿಗೆ ಬರಲಿಲ್ಲ.

ಈಗ ತಕ್ಕಡಿಗೆ ಬರೋಣ. ಲಾಭ ಹೆಚ್ಚೋ ಅಪಾಯ ಹೆಚ್ಚೋ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಉತ್ತರ ಕೊಡುವವರನ್ನು, ಅವರು ಲಸಿಕೆಯ ಪರವಿರಲಿ ವಿರೋಧವಿರಲಿ, ಸ್ವಲ್ಪ ಅನುಮಾನದಿಂದಲೇ ನೋಡಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಸೋಂಕು ಎಷ್ಟಿದ್ದಾಗ ಎಂದು ಕೇಳದೆ ತೂಗಲು ಬರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಅಪಾಯದ ಲೆಕ್ಕಗಳನ್ನು ಜನರಿಗೆ ತಿಳಿಯುವಂತೆ ವಿವರಿಸುವ, ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಂಟನ್ ಕೇಂದ್ರದವರು ಇದೇ ಲಸಿಕೆಯನ್ನು ವಯಸ್ಸುವಾರು ತೂಗಿ ತೋರಿಸಿದರು. ಒಂದು ತಟ್ಟೆಯಲ್ಲಿ, ಹದಿನಾರು ವಾರಗಳಲ್ಲಿ ಲಸಿಕೆಯಿಂದ ತಪ್ಪುವ ಐಸಿಯು ದಾಖಲಾತಿಗಳು. ಇನ್ನೊಂದರಲ್ಲಿ, ಲಸಿಕೆಯಿಂದ ಆಗುವ ಗಂಭೀರ ಹೆಪ್ಪುಗಟ್ಟುವಿಕೆ. ಎಲ್ಲವೂ ಲಕ್ಷ ಜನರಿಗೆ. ಸೋಂಕು ಕಡಿಮೆಯಿರುವ ಕಾಲದಲ್ಲಿ 60ರಿಂದ 69ರ ವಯಸ್ಸಿನವರಿಗೆ ಲಾಭ 14.1, ಅಪಾಯ 0.2. 40ರಿಂದ 49ರವರಿಗೆ ಲಾಭ 5.7, ಅಪಾಯ 0.5. 20ರಿಂದ 29ರವರಿಗೆ ಲಾಭ 0.8, ಅಪಾಯ 1.1.

ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ಇಪ್ಪತ್ತರ ಹರೆಯದವರಿಗೆ, ಸೋಂಕು ಕಡಿಮೆ ಇದ್ದಾಗ, ತಕ್ಕಡಿ ಅಪಾಯದ ಕಡೆಗೇ ಸ್ವಲ್ಪ ವಾಲಿತ್ತು. ಹಾಗಾಗಿಯೇ ಬ್ರಿಟನ್ 2021ರ ಮೇ 7ರಂದು, ನಲವತ್ತಕ್ಕಿಂತ ಕಿರಿಯರಿಗೆ ಸಾಧ್ಯವಾದರೆ ಬೇರೆ ಲಸಿಕೆ ಕೊಡಿ ಎಂದಿತು. ಅವರ ಕೈಯಲ್ಲಿ ಫೈಜರ್, ಮೊಡೆರ್ನಾ ಇದ್ದವು. ಅದೇ ಲೆಕ್ಕದಲ್ಲಿ ಸೋಂಕು ಹೆಚ್ಚಿರುವ ಕಾಲವನ್ನು ಹಾಕಿದರೆ ಆ ಹುಡುಗರಿಗೂ ಲಾಭ 6.9 ಆಗುತ್ತದೆ, ಅಪಾಯ 1.1ರಲ್ಲೇ ನಿಲ್ಲುತ್ತದೆ, ಅರವತ್ತು ದಾಟಿದವರಿಗೆ ಲಾಭ 127.7. ವೈರಸ್ ಎಷ್ಟೇ ಹರಡಲಿ, ಲಸಿಕೆಯ ಅಪಾಯದ ತಟ್ಟೆ ಏರುವುದಿಲ್ಲ ಇಳಿಯುವುದಿಲ್ಲ. ಲಾಭದ ತಟ್ಟೆ ಮಾತ್ರ ಊರಿನಲ್ಲಿ ಸೋಂಕು ಎಷ್ಟಿದೆ ಎಂಬುದನ್ನು ನೋಡಿಕೊಂಡು ಮೇಲೆ ಕೆಳಗೆ ಆಡುತ್ತದೆ.

ನಿಮ್ಮ ಮೈದುನರಿಗೆ ಆಗ 42. ಊರೂರು ಸುತ್ತುವ ಚಾಲಕರು, ಧೂಮಪಾನಿ, ಸಕ್ಕರೆ ಕಾಯಿಲೆ ಇದ್ದಿರಬಹುದಾದವರು. ಎರಡನೆಯ ಅಲೆ ಆಗತಾನೆ ಇಳಿಯುತ್ತಿತ್ತು, ಮೂರನೆಯದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಆ ದಿನ, ಆ ತಕ್ಕಡಿಯಲ್ಲಿ, ಅವರ ವಯಸ್ಸಿನವರಿಗೆ ಸೋಂಕು ಕಡಿಮೆ ಇದ್ದಾಗಲೂ ಲಾಭ ಅಪಾಯದ ಹನ್ನೊಂದು ಪಟ್ಟು. ನಾನು ಅಲ್ಲಿದ್ದರೆ ನಾನೂ ಬೈದೇ ಕರೆದುಕೊಂಡು ಹೋಗುತ್ತಿದ್ದೆ.

ಲಸಿಕೆಯ ಹೆಪ್ಪಿಗೆ ಹೆದರುವವರು ಕೋವಿಡ್ ತಾನೇ ತರುವ ಹೆಪ್ಪನ್ನು ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ ಸುಮಾರು 2.9 ಕೋಟಿ ಲಸಿಕೆ ಪಡೆದವರ ದಾಖಲೆಗಳನ್ನು ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಆಸ್ಟ್ರಾಜೆನೆಕಾದ ಮೊದಲ ಡೋಸ್‌ನಿಂದ ನಾಲ್ಕು ವಾರಗಳೊಳಗೆ ಒಂದು ಕೋಟಿ ಜನರಲ್ಲಿ 66 ಮಂದಿಗೆ ಹೆಚ್ಚುವರಿಯಾಗಿ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿತು. ಕೋವಿಡ್ ತಗುಲಿದ ಒಂದು ಕೋಟಿ ಜನರಲ್ಲಿ 12,614 ಮಂದಿಗೆ. ಎಲ್ಲರೂ ಹೆದರುವ ಮಿದುಳಿನ ಅಭಿಧಮನಿಯ ಹೆಪ್ಪು ಲಸಿಕೆಯಿಂದ ಕೋಟಿಗೆ 7, ಸೋಂಕಿನಿಂದ 20. ಲಸಿಕೆ ಹಾಕಿಸದಿದ್ದರೆ ಎಲ್ಲರಿಗೂ ಸೋಂಕು ಖಚಿತವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2021ರ ಜೂನ್, ಜುಲೈನಲ್ಲಿ ಐಸಿಎಂಆರ್ ದೇಶದಾದ್ಯಂತ ರಕ್ತ ಪರೀಕ್ಷೆ ಮಾಡಿದಾಗ ನೂರರಲ್ಲಿ 67 ಮಂದಿಯಲ್ಲಿ ಪ್ರತಿಕಾಯಗಳು ಸಿಕ್ಕವು, ಅದೂ ಬಹುಪಾಲು ಜನರಿಗೆ ಲಸಿಕೆ ತಲುಪುವ ಮೊದಲೇ. ಮುಂದೆ ಓಮೈಕ್ರಾನ್ ಬಂದು ಉಳಿದವರ ಮನೆಯ ಬಾಗಿಲನ್ನೂ ತಟ್ಟಿತು. ಸೋಂಕು ತಪ್ಪಿಸಿಕೊಂಡು ಓಡಾಡುವ ಆಯ್ಕೆ ಯಾರಿಗೂ ಇರಲಿಲ್ಲ. ಲಸಿಕೆಯ ನಂತರ ಸೋಂಕು ಬರಲಿ ಎನ್ನುವುದೋ, ಅದಿಲ್ಲದೆ ಬರಲಿ ಎನ್ನುವುದೋ, ಇಷ್ಟೇ ನಮ್ಮ ಮುಂದಿದ್ದ ಆಯ್ಕೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತಮ್ಮದೇ 10,600 ಸಿಬ್ಬಂದಿಯನ್ನು ಎರಡನೆಯ ಅಲೆಯ ನಡುವೆ ಗಮನಿಸಿದರು. ಹೆಚ್ಚಿನವರು ಪಡೆದದ್ದು ಕೋವಿಶೀಲ್ಡ್. ಎರಡು ಡೋಸ್ ಸೋಂಕನ್ನು ಶೇ 65ರಷ್ಟು ತಡೆಯಿತು, ಆಸ್ಪತ್ರೆ ಸೇರುವುದನ್ನು ಶೇ 77ರಷ್ಟು, ಆಮ್ಲಜನಕದ ಅಗತ್ಯವನ್ನು ಶೇ 92ರಷ್ಟು, ಐಸಿಯು ಸೇರುವುದನ್ನು ಶೇ 94ರಷ್ಟು. ಸೋಂಕನ್ನು ತಡೆಯುವುದರಲ್ಲಿ ಲಸಿಕೆ ಸಾಧಾರಣ, ಸಾವನ್ನು ತಡೆಯುವುದರಲ್ಲಿ ಗಟ್ಟಿಗ. ‘ಹಾಕಿಸಿಕೊಂಡರೆ ಕೋವಿಡ್ ಬರುವುದಿಲ್ಲ’ ಎಂದು ಆಗ ಕೆಲವರು ಅತಿಯಾಗಿ ಹೇಳಿದ್ದರಿಂದಲೇ, ಬಂದಾಗ ಜನರಿಗೆ ಮೋಸವಾದಂತೆ ಅನ್ನಿಸಿತು.

ಒಟ್ಟು ಎಷ್ಟು ಜೀವ ಉಳಿಯಿತು ಎಂಬ ಬಗ್ಗೆ ಪರಿಣತರಲ್ಲೇ ಜಗಳವಿದೆ, ಅದನ್ನೂ ಬಚ್ಚಿಡುವುದಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಣಿತ ಮಾದರಿ, ಮೊದಲ ಒಂದು ವರ್ಷದಲ್ಲಿ ಭಾರತವೊಂದರಲ್ಲೇ 42 ಲಕ್ಷ ಸಾವು ತಪ್ಪಿತು ಎಂದಿತು. 2025ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಬಿಗಿಯಾಗಿ ಲೆಕ್ಕ ಹಾಕಿ, 2020ರಿಂದ 2024ರವರೆಗೆ ಇಡೀ ಜಗತ್ತಿನಲ್ಲಿ ಸುಮಾರು 25 ಲಕ್ಷ ಎಂದರು. ಅಂತರ ದೊಡ್ಡದು. ನನಗೆ ಎರಡನೆಯ ಲೆಕ್ಕದ ಒಂದು ವಿವರ ಮುಖ್ಯ: ಉಳಿದ ಜೀವಗಳಲ್ಲಿ ನೂರಕ್ಕೆ ತೊಂಬತ್ತು 60 ದಾಟಿದವರದು; ಮಕ್ಕಳು, ಹದಿಹರೆಯದವರದು ನೂರಕ್ಕೆ ಒಂದೂ ಇಲ್ಲ. ಕಡಿಮೆ ಲೆಕ್ಕವನ್ನೇ ನಂಬಿದರೂ ಮಾವನವರಿಗೆ ಹಾಕಿಸಿದ್ದು ಸರಿ. ಆರೋಗ್ಯವಂತ ಹನ್ನೆರಡರ ಮಗುವಿಗೆ ಹಾಕಿಸಲು ಅಷ್ಟು ಆತುರ ಬೇಕಿತ್ತೇ ಎಂದು ಕೇಳುವವರನ್ನು ಹುಚ್ಚರೆಂದು ನಾನು ಕರೆಯುವುದಿಲ್ಲ.

ತಪ್ಪುಗಳನ್ನೂ ಹೇಳಬೇಕು, ನನ್ನದರಿಂದಲೇ ಆರಂಭಿಸುತ್ತೇನೆ. 2021ರ ಬೇಸಿಗೆಯಲ್ಲಿ ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಲಸಿಕೆಯ ಮೇಲ್ವಿಚಾರಣೆಗೆ ಹೋಗುತ್ತಿದ್ದೆ. ಅರ್ಧ ಗಂಟೆ ಕೂರಿಸಿದೆವು, ಪ್ಯಾರಾಸಿಟಮಾಲ್ ಕೊಟ್ಟೆವು, ಜ್ವರ ಬಂದರೆ ಹೆದರಬೇಡಿ ಎಂದೆವು. ಅರ್ಧ ಗಂಟೆ ಕೂರಿಸುವುದಕ್ಕೆ ಕಾರಣವಿತ್ತು: ಲಸಿಕೆಯಿಂದಲೇ ಎಂದು ಸರ್ಕಾರ ಮೊದಲು ಒಪ್ಪಿದ ಸಾವು, 68 ವರ್ಷದ ಒಬ್ಬರದು, ಚುಚ್ಚಿದ ಬಳಿಕ ತಟ್ಟನೆ ಆದ ತೀವ್ರ ಅಲರ್ಜಿಯಿಂದ ಆದದ್ದು. ಆದರೆ ‘ವಾರ ಕಳೆದ ಮೇಲೆ ತಲೆನೋವು ಬಂದು ಬಿಡದಿದ್ದರೆ ತಕ್ಷಣ ಬನ್ನಿ’ ಎಂಬ ಒಂದು ಸಾಲನ್ನು ನಾನು ಹೇಳಲಿಲ್ಲ. ಹೇಳಿದರೆ ಸಾಲಿನಲ್ಲಿ ನಿಂತವರು ಎದ್ದುಹೋಗುತ್ತಾರೆ ಎಂಬ ಭಯ. ಆ ಭಯದಲ್ಲಿ ನಾವು ಉಳಿಸಿಕೊಂಡದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಅಂದು ಹೇಳದ ಮಾತು 2024ರಲ್ಲಿ ‘ಮುಚ್ಚಿಟ್ಟ ಸತ್ಯ’ವಾಗಿ ವಾಪಸು ಬಂತು.

ಸರ್ಕಾರದ್ದು ಇನ್ನೂ ದೊಡ್ಡ ಲೋಪ. ಲಸಿಕೆಯ ನಂತರ ಸತ್ತರೆಂದು ಇಬ್ಬರು ಯುವತಿಯರ ತಂದೆತಾಯಿಯರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, ಪರಿಹಾರದ ಹೊಣೆ ತನ್ನದಲ್ಲ ಎಂದು 2022ರ ನವೆಂಬರ್‌ನಲ್ಲಿ ಕೇಂದ್ರ ಪ್ರಮಾಣಪತ್ರ ಸಲ್ಲಿಸಿತು. ಲಸಿಕೆ ಐಚ್ಛಿಕ ಎಂಬುದು ಅದರ ವಾದ. ಕಾಗದದ ಮೇಲೆ ಐಚ್ಛಿಕವೇ. ಯಾರನ್ನೂ ಲಸಿಕೆಗೆ ಬಲವಂತಪಡಿಸುವಂತಿಲ್ಲ ಎಂದು 2022ರ ಮೇ 2ರಂದು ಕೋರ್ಟೂ ಹೇಳಿತ್ತು. ಆದರೆ ಲಸಿಕೆ ಪಡೆದ ಪ್ರಮಾಣಪತ್ರ ತೋರಿಸದೆ ಮಾಲ್‌ನೊಳಗೆ ಬಿಡದ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. ಊರಿನ ಒಳಿತಿಗಾಗಿ ಲಕ್ಷದಲ್ಲಿ ಒಬ್ಬರು ಪೆಟ್ಟು ತಿಂದರೆ ಅವರನ್ನು ಊರೇ ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ, ಸಾವು ಅಥವಾ ತೀವ್ರ ಅಂಗವೈಕಲ್ಯ ಲಸಿಕೆಯಿಂದಲೇ ಎಂದು ಒಪ್ಪಿದರೆ 1,20,000 ಪೌಂಡ್ ಕೊಡುತ್ತಾರೆ. ಅದೂ ಸಾಲದೆಂದು ಅಲ್ಲಿನವರು ಜಗಳವಾಡುತ್ತಿದ್ದಾರೆ.

ಮಗನ ವಿಷಯ. ಮೊದಲು ಆಸ್ಪಿರಿನ್ ನಿಲ್ಲಿಸಲು ಹೇಳಿ. ಯಾವ ವೈದ್ಯರೂ ಬರೆದುಕೊಟ್ಟಿಲ್ಲ ಎಂದಿದ್ದೀರಿ. ಕಾರಣವಿಲ್ಲದೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಲಾಭವಂತೂ ಇಲ್ಲ. ಡಿ-ಡೈಮರ್ ಎಂದರೆ ದೇಹದಲ್ಲಿ ಹೆಪ್ಪು ಕರಗುವಾಗ ಉಳಿಯುವ ಚೂರು. ಜ್ವರ, ಗಾಯ, ಬಸಿರು, ವಯಸ್ಸು, ಏನೇ ಇದ್ದರೂ ಅದು ಸ್ವಲ್ಪ ಏರುತ್ತದೆ. ನಾಲ್ಕು ವರ್ಷದ ಹಿಂದಿನ ಲಸಿಕೆಯ ಬಗ್ಗೆ ಅದು ಏನನ್ನೂ ಹೇಳಲಾರದು. 2024ರ ಮೇ ತಿಂಗಳಿನಲ್ಲಿ ಪ್ರಯೋಗಾಲಯಗಳು ಇದನ್ನು ‘ಪ್ಯಾಕೇಜ್’ ಮಾಡಿ ಮಾರಿದ್ದನ್ನು ಕಂಡು ನನಗೆ ಮೈಯುರಿದಿತ್ತು. ಲಸಿಕೆಯನ್ನು ದೇಹದಿಂದ ‘ತೊಳೆಯುವ’ ಕಷಾಯ, ಮಾತ್ರೆಗಳಿಗೂ ಇದೇ ಮಾತು. ತೊಳೆಯಲು ಅಲ್ಲಿ ಏನೂ ಉಳಿದಿಲ್ಲ.

ಅವನು ನಿಮಗೆ ಕಳುಹಿಸಿದ್ದಾನೆಂದು ಬರೆದಿರುವ ಅಮೆರಿಕದ ವಿಡಿಯೊದಲ್ಲಿರುವುದು ಫೈಜರ್, ಮೊಡೆರ್ನಾ ಲಸಿಕೆಗಳ ವಿಷಯ. ಅವುಗಳಿಂದ ಹದಿಹರೆಯದ, ಇಪ್ಪತ್ತರ ಹರೆಯದ ಗಂಡುಮಕ್ಕಳಲ್ಲಿ, ಹೆಚ್ಚಾಗಿ ಎರಡನೆಯ ಡೋಸ್‌ನ ಒಂದು ವಾರದೊಳಗೆ, ಹೃದಯದ ಸ್ನಾಯು ಉರಿಯೂತ ಬರುವುದು ಅಪರೂಪವಾದರೂ ನಿಜ, ಬಹುತೇಕರು ಚೇತರಿಸಿಕೊಳ್ಳುತ್ತಾರೆ. ನಮ್ಮ ಅಭಿಯಾನದಲ್ಲಿ ಆ ಲಸಿಕೆಗಳು ಇರಲೇ ಇಲ್ಲ. ಅಮೆರಿಕ, ಬ್ರಿಟನ್ನಿನಲ್ಲಿರುವ ನಮ್ಮವರ ಚಿಂತೆಯನ್ನು ಅವನು ಇಲ್ಲಿ ಕುಳಿತು ಹೊತ್ತುಕೊಂಡಿದ್ದಾನೆ.

ಹಾಗೆಂದು ಅವನ ಎದೆ ಚುಚ್ಚುವುದನ್ನು ತಳ್ಳಿಹಾಕುವುದಿಲ್ಲ. ಚಿಕ್ಕಪ್ಪ 46ಕ್ಕೆ ಹೋಗಿದ್ದಾರೆ. ಅವನು ‘ಆಗೊಮ್ಮೆ ಈಗೊಮ್ಮೆ’ ಸಿಗರೇಟು ಸೇದುತ್ತಾನೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಮ್ಮವರಿಗೆ ಹೃದಯಾಘಾತ ಯುರೋಪಿನವರಿಗಿಂತ ಐದರಿಂದ ಹತ್ತು ವರ್ಷ ಮೊದಲೇ ಬರುತ್ತದೆ. ಒಬ್ಬ ಫಿಜಿಷಿಯನ್ ಬಳಿ ಹೋಗಿ ರಕ್ತದೊತ್ತಡ, ಇಸಿಜಿ, ಊಟಕ್ಕೆ ಮುಂಚಿನ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಮಾಡಿಸಲಿ. ಎಕೋ, ಟ್ರೆಡ್‌ಮಿಲ್ ಬೇಕೋ ಬೇಡವೋ ವೈದ್ಯರು ನಿರ್ಧರಿಸುತ್ತಾರೆ. ಬೆರಳಿನಿಂದ ಒತ್ತಿದರೆ ನೋಯುವ, ಒಂದೇ ಚುಕ್ಕೆಯಲ್ಲಿ ಚುಚ್ಚುವ ನೋವು ಹೆಚ್ಚಾಗಿ ಪಕ್ಕೆಲುಬಿನದು. ಮೆಟ್ಟಿಲು ಹತ್ತುವಾಗ ಎದೆಯನ್ನು ಅದುಮಿದಂತಾಗಿ, ನಿಂತರೆ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವರದಿ ಸರಿಯಿದ್ದರೆ ಜಿಮ್‌ಗೆ ಮರಳಲಿ, ನಿಧಾನವಾಗಿ.

ಮಾವನವರಿಗೆ ಇನ್ನೊಂದು ಡೋಸ್? ಕೋವಿಶೀಲ್ಡ್ ತಯಾರಿಕೆಯನ್ನು ಸೀರಮ್ ಸಂಸ್ಥೆ 2021ರ ಡಿಸೆಂಬರ್‌ನಲ್ಲೇ ನಿಲ್ಲಿಸಿದ್ದಾಗಿ ಹೇಳಿದೆ. ಸಾರ್ವತ್ರಿಕ ಅಭಿಯಾನವೂ ಈಗ ಇಲ್ಲ. ಮೂರು ಡೋಸ್, ಅದರ ಮೇಲೆ 2022ರಲ್ಲಿ ಬಂದು ಹೋದ ಸೋಂಕು, ಇವು ಅವರಿಗೆ ಒಳ್ಳೆಯ ರಕ್ಷಣೆ ಕೊಟ್ಟಿವೆ. ಬ್ರಿಟನ್ ಕೂಡ 2025ರ ಶರತ್ಕಾಲದಿಂದ ಮುಖ್ಯವಾಗಿ 75 ದಾಟಿದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಕೊಡುತ್ತಿದೆ. ಆ ಅಳತೆಯಲ್ಲಿ ಮಾವನವರು ಅರ್ಹರೇ. ನಿಮ್ಮ ಭಾಗದಲ್ಲಿ ಹೊಸ ತಳಿಗೆ ಹೊಂದಿಸಿದ ಲಸಿಕೆ ಸಿಕ್ಕರೆ, ಅವರ ವೈದ್ಯರು ಒಪ್ಪಿದರೆ, ನಾನು ಬೇಡವೆನ್ನುವುದಿಲ್ಲ. ಅದನ್ನು ಹುಡುಕುತ್ತಾ ಬೆಂಗಳೂರಿಗೆ ಓಡಾಡುವುದಕ್ಕಿಂತ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯುವ ಲಸಿಕೆ ಹಾಕಿಸಿ. ಅವು ಹತ್ತಿರದಲ್ಲೇ ಸಿಗುತ್ತವೆ, ಸಕ್ಕರೆ ಇರುವ 78ರ ಹಿರಿಯರಿಗೆ ಅವುಗಳ ಲಾಭವೂ ದೊಡ್ಡದು. ನಿಮಗೆ ಇನ್ನೊಂದು ಡೋಸ್‌ನ ಅಗತ್ಯ ನನಗೆ ಕಾಣುವುದಿಲ್ಲ.

ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಅಲ್ಲಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಪುನೀತ್ ಕೂಡ 46ಕ್ಕೇ ಹೋದವರು. ಎದೆನೋವೆಂದು ಬಂದವರ ಇಸಿಜಿ ತೆಗೆದು, ಅದನ್ನು ಕೂಡಲೇ ದೊಡ್ಡ ಆಸ್ಪತ್ರೆಯ ಹೃದಯತಜ್ಞರಿಗೆ ಕಳುಹಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಮೈದುನರು ಆ ರಾತ್ರಿ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಿದರು ಎಂದು ಬರೆದಿದ್ದೀರಿ. ಬೆವರು, ಎಡತೋಳಿನ ಸೆಳೆತ, ದವಡೆ ನೋವು ಜೊತೆಗಿದ್ದರೆ ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಯಾರೂ ತೀರ್ಮಾನಿಸಬಾರದು.

ಓರಗಿತ್ತಿಯವರ ಮುಖ ನೋಡಲು ಆಗುತ್ತಿಲ್ಲ ಎಂದಿರಿ. ಅವರ ಮನೆಗೆ ಹೋಗಲು ನಿಮಗೊಂದು ಕಾರಣ ಕೊಡುತ್ತೇನೆ. ಅವರ ಮಗನಿಗೆ 19, ಮಗಳಿಗೆ 16 ಎಂದಿದ್ದೀರಿ. ತಂದೆ ಇಷ್ಟು ಬೇಗ ಹೃದಯಾಘಾತಕ್ಕೆ ತುತ್ತಾದ ಮನೆಯ ಮಕ್ಕಳಿಗೆ ಕೊಲೆಸ್ಟ್ರಾಲ್ ಪರೀಕ್ಷೆಯನ್ನು ಈಗಲೇ ಒಮ್ಮೆ ಮಾಡಿಸಬೇಕು. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಹೆಚ್ಚಿರುತ್ತದೆ, ಔಷಧಿಯಿಂದ ಹತೋಟಿಗೆ ಬರುತ್ತದೆ. ರಕ್ತದೊತ್ತಡ, ಸಕ್ಕರೆಯನ್ನೂ ಅದೇ ದಿನ ನೋಡಿಸಿಬಿಡಿ. ಇಬ್ಬರನ್ನೂ ನೀವೇ ಕರೆದುಕೊಂಡು ಹೋಗಿ. ವರದಿಗಳು ಬಂದ ಮೇಲೆ ನನಗೆ ಬರೆಯಿರಿ.